ಮಂಗಳೂರಿನಿಂದ ದುಬೈಗೆ: ಎಷ್ಟು ದೂರ, ಎಷ್ಟು ಹೊತ್ತು?

ಭಟ್ಕಳ, ಹೊನ್ನಾವರ, ಕುಮಟೆಗಳ ಎಷ್ಟೋ ಮನೆಗಳವರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವರು. ಅವರ ವಿಮಾನದ ಟಿಕೆಟನ್ನು ನೋಡಿದ ವಿದ್ಯಾರ್ಥಿಗೆ ಒಂದು ಸೋಜಿಗ ಕಾಣುವುದು. ಬೆಳಿಗ್ಗೆ 8ಕ್ಕೆ ಮಂಗಳೂರನ್ನು ಬಿಟ್ಟ ವಿಮಾನವು 10ಕ್ಕೆ ದುಬೈಯನ್ನು ಮುಟ್ಟಿತೆನ್ನೋಣ. ಮಧ್ಯಾಹ್ನ 12ಕ್ಕೆ ಅಲ್ಲಿಂದ ಹೊರಟು ಇಲ್ಲಿಗೆ ಬಂದಾಗ ಸಂಜೆ 5 ಗಂಟೆ. ಹೋಗಲು 2, ಬರಲು 5 ಗಂಟೆಯೆ?

ವ್ಯತ್ಯಾಸವಿರುವುದು ಗಡಿಯಾರಗಳಲ್ಲಿ. ಭೂಮಿಯು 24 ಗಂಟೆಗಳಲ್ಲಿ 360 ಅಂಶ ತಿರುಗುವುದರಿಂದ ಒಂದು ರೇಖಾಂಶಕ್ಕೆ 4 ನಿಮಿಷವಾಯಿತು. ನಮ್ಮ ಗಡಿಯಾರ ಪೂರ್ವದ 82½ನೆಯ ರೇಖಾಂಶವನ್ನೂ, ದುಬೈಯದು 60ನೆಯದನ್ನೂ ಅನುಸರಿಸುತ್ತವೆ. ಅಂತರ 22½ ಅಂಶ, ಅಂದರೆ 90 ನಿಮಿಷ. ಹೋಗುವಾಗ ಇದನ್ನು ಕೂಡಿ, ಬರುವಾಗ ಕಳೆಯಿರಿ. ಎರಡೂ ಸಲ 3½ ಗಂಟೆಯೇ ಬರುವುದು. ಸೂರ್ಯನಿಗಾದರೋ ಈ ಏರ್ಪಾಡು ತಿಳಿಯದು! ಭಟ್ಕಳಕ್ಕೂ ದುಬೈಗೂ ನಡುವಣ ನಿಜವಾದ ಅಂತರ ಸುಮಾರು 19.2 ಅಂಶ. ಆದುದರಿಂದ ಹಗಲಿರುಳು ಸಮನಾದ ದಿನ ಭಟ್ಕಳದಲ್ಲಿ ಸೂರ್ಯ ಮುಳುಗಿದ 77 ನಿಮಿಷಗಳ ಮೇಲೆ ಅಲ್ಲಿ ಮುಳುಗುವನು. ರಂಜಾನಿನಲ್ಲಿ ತಂದೆ ಅಲ್ಲಿ, ಮಕ್ಕಳು ಇಲ್ಲಿ ಉಪವಾಸ ಬಿಡುವ ಮನೆಗಳಿಗೆ ಇದು ಬರಿಯ ಲೆಕ್ಕವಲ್ಲ.

ಇನ್ನು ದೂರ. ಮಂಗಳೂರಿನ ಬಜ್ಪೆ ನಿಲ್ದಾಣಕ್ಕೂ ದುಬೈಗೂ ಅಕ್ಷಾಂಶದಲ್ಲಿ 12.3, ರೇಖಾಂಶದಲ್ಲಿ 19.5 ಅಂಶಗಳ ಅಂತರವಿದೆ. ಒಂದು ಅಕ್ಷಾಂಶಕ್ಕೆ 111 ಕಿ.ಮೀ.ಯಂತೆ ಉತ್ತರಕ್ಕೆ 1,365 ಕಿ.ಮೀ. ಆಯಿತು. ರೇಖಾಂಶಗಳು ಧ್ರುವದ ಕಡೆಗೆ ಒತ್ತಾಗುವುದರಿಂದ, ನಡುವಣ ಅಕ್ಷಾಂಶವಾದ 19ರಲ್ಲಿ ಒಂದಕ್ಕೆ 105 ಕಿ.ಮೀ. ಮಾತ್ರ, ಪಶ್ಚಿಮಕ್ಕೆ 2,047 ಕಿ.ಮೀ. ಲಂಬಕೋನ ತ್ರಿಭುಜದ ಕರ್ಣವನ್ನು ತೆಗೆದರೆ 2,460 ಕಿ.ಮೀ. ಗೋಳದ ಗಣಿತದಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೆ.

ಈ ಸುಲಭದ ದಾರಿ ಎಲ್ಲೆಡೆಗೂ ಸಲ್ಲದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೀಗೆಯೇ ಲೆಕ್ಕ ಹಾಕಿದರೆ 16,000 ಕಿ.ಮೀ. ಮೀರುವುದು, ನಿಜವಾದ ಅತಿ ಕಡಮೆ ದೂರ ಸುಮಾರು 14,000. ಕಿತ್ತಳೆ ಹಣ್ಣಿನ ಮೇಲೆ ದಾರವನ್ನು ಬಿಗಿದು ನೋಡಿ, ಅದು ಧ್ರುವದತ್ತ ಸರಿಯುವುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆಯೇ ಹಾದು ಬೆಂಗಳೂರಿಗೆ ಬಂದಿತು.

ಗಂಟೆಗೆ 850 ಕಿ.ಮೀ. ವೇಗದಲ್ಲಿ 2,460 ಕಿ.ಮೀ.ಗೆ 3 ಗಂಟೆಯೂ ಹಿಡಿಯದು. ಮಿಕ್ಕ ಅರ್ಧ ಗಂಟೆ ನೆಲದ ಮೇಲಿನ ಓಡಾಟಕ್ಕೂ ಏರಿಳಿತಕ್ಕೂ ಹೋಗುವುದು. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದ ಕಾಲದಲ್ಲಿ ಹಡಗುಗಳು ಮಾರುತ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಕಾಯಿಸುವುದು ನೆಲದ ದಾರಿ. ಕುಮಟೆಯಿಂದ ಬಜ್ಪೆಗೆ ಗೆರೆ ಎಳೆದರೆ 170 ಕಿ.ಮೀ.; ರಸ್ತೆಯಲ್ಲಿ ಸುಮಾರು 200. ಗಂಟೆಗೆ 50 ಕಿ.ಮೀ.ಯಂತೆ ಸಾಗಿದರೆ ಇದಕ್ಕೇ 4 ಗಂಟೆ, ಸಮುದ್ರವನ್ನು ದಾಟುವುದಕ್ಕಿಂತ ಅರ್ಧ ಗಂಟೆ ಹೆಚ್ಚು.