ಹೊರಬಾಗಿಲು ಒಂದೇ ಸಾಕು
ಒಂದೇ ಸರ್ವರ್‌ನಲ್ಲಿ ವೆಬ್‌ಸೈಟ್, ಫೋಟೋ ಸಂಗ್ರಹ, ಲೆಕ್ಕದ ತಂತ್ರಾಂಶ ಮೂರನ್ನೂ ನಡೆಸುವವರು ಮೂರು ಪೋರ್ಟ್‌ಗಳನ್ನು ಹೊರಗೆ ತೆರೆದಿಡಬೇಕಿಲ್ಲ. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್, 80 ಮತ್ತು 443ನೇ ಪೋರ್ಟ್‌ಗಳಲ್ಲಿ ಕೂತು, ಡೊಮೇನ್ ಹೆಸರು ನೋಡಿ ಕೋರಿಕೆಯನ್ನು ಆಯಾ ಸೇವೆಗೆ ದಾಟಿಸುತ್ತದೆ. ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಉಸಾಬರಿಯೂ ಅಲ್ಲೇ ಮುಗಿಯುತ್ತದೆ.

ಇದರ ಸಂರಚನಾ ಕಡತ ಬರೆಯುವಾಗ ಹೊಸಬರು ಎಡವುವುದು ಒಂದು ಓರೆಗೆರೆಯಲ್ಲಿ. ಲೊಕೇಶನ್ ‘/ಫೋಟೋ/’ ಆಗಿದ್ದು, ‘ಪ್ರಾಕ್ಸಿ ಪಾಸ್’ ವಿಳಾಸದ ಪೋರ್ಟ್ ಸಂಖ್ಯೆಯ ನಂತರ ‘/’ ಇದ್ದರೆ, ‘/ಫೋಟೋ/ಹಂಪಿ’ ಎಂದು ಕೇಳಿದಾಗ ಒಳಗಿನ ಸೇವೆಗೆ ತಲುಪುವುದು ಬರೀ ‘/ಹಂಪಿ’. ಗೆರೆ ಇಲ್ಲದಿದ್ದರೆ ಪೂರ್ತಿ ದಾರಿ ಹಾಗೇ ಹೋಗುತ್ತದೆ. ಪ್ರತಿ ಸೇವೆಗೂ ಸಬ್‌ಡೊಮೇನ್ ಕೊಟ್ಟರೆ ಈ ರಗಳೆಯೇ ಇಲ್ಲ, ಅದೇ ಮೇಲು.

ಒಳಗಿನ ಸೇವೆಗಳು ಅದೇ ಯಂತ್ರದೊಳಗಿನ ವಿಳಾಸವಾದ 127.0.0.1ರಲ್ಲಷ್ಟೇ ಕೇಳಲಿ. ಬದಲಾವಣೆಯ ನಂತರ ‘ಎಂಜಿನ್‌ಎಕ್ಸ್ -ಟಿ’ ಆದೇಶದಿಂದ ಪರೀಕ್ಷಿಸಿ, ಆಮೇಲಷ್ಟೇ ರೀಲೋಡ್ ಮಾಡಿ.