ಹೈಬ್ರಿಡ್ ಕಾರು: ಕೊಳ್ಳುವ ಮುನ್ನ ಒಂದು ಲೆಕ್ಕ



ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹೊಸ ಕಾರಿನ ಮಾತು ಏಳುವುದು ನಮ್ಮಲ್ಲಿ ವಾಡಿಕೆ. ಈಚೆಗೆ ಸಂಘದ ಕಛೇರಿಗೆ ಬಂದವರು ಕೇಳುವ ಪ್ರಶ್ನೆ: "ಹೈಬ್ರಿಡ್ ಕಾರು ತಗೊಂಡರೆ ಹ್ಯಾಗೆ?" ಅದಕ್ಕೆ ಈ ಉತ್ತರ.

ಹೈಬ್ರಿಡ್ ಎಂದೊಡನೆ ನಮಗೆ ಮಿಶ್ರತಳಿ ಬೀಜ ನೆನಪಾಗುತ್ತದೆ. ಇಲ್ಲಿಯೂ ಬೆರಕೆಯೇ. ಒಂದೇ ಗಾಡಿಯಲ್ಲಿ ಪೆಟ್ರೋಲು ಇಂಜಿನು, ವಿದ್ಯುತ್ ಮೋಟಾರು ಎರಡೂ ಇರುತ್ತವೆ. ಬ್ರೇಕು ಹಾಕಿದಾಗ ಬಿಸಿಯಾಗಿ ನಷ್ಟವಾಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಬ್ಯಾಟರಿ ಸೇರುತ್ತದೆ. ನಿಧಾನವಾಗಿ ಹೋಗುವಾಗ ಅದೇ ಗಾಡಿ ಎಳೆಯುತ್ತದೆ. ಆದ್ದರಿಂದ ನಿಂತು ನಿಂತು ಸಾಗುವ ಪೇಟೆಯಲ್ಲಿ ಲಾಭ ಹೆಚ್ಚು. ಆಗುಂಬೆ ಘಾಟಿ ಇಳಿಯುವಾಗಲೂ ಬ್ಯಾಟರಿ ತುಂಬುತ್ತದೆ. ಆದರೆ ಅದು ಚಿಕ್ಕದಾದ್ದರಿಂದ ಬೇಗ ತುಂಬಿ ನಿಲ್ಲುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಈ ಕಾರುಗಳಿಗೆ ಮನೆಯ ಕರೆಂಟಿನಿಂದ ಚಾರ್ಜು ಮಾಡುವ ವ್ಯವಸ್ಥೆಯಿಲ್ಲ. ಶರಾವತಿಯ ವಿದ್ಯುತ್ತು ಇವಕ್ಕೆ ಒದಗದು. ಎಲ್ಲ ಶಕ್ತಿಯ ಮೂಲ ಪೆಟ್ರೋಲೇ.

ಜಪಾನಿನ ಟೊಯೋಟಾ ಕಂಪನಿ 1997ರಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಮಾರುಕಟ್ಟೆಗೆ ತಂದಿತು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಯಿತು; 2022ರಲ್ಲಿ ಹೈರೈಡರ್ ಬಂತು. ಹೈರೈಡರಿನ ಹೈಬ್ರಿಡ್ ಮಾದರಿಗೆ ಲೀಟರಿಗೆ 27.97 ಕಿ.ಮೀ. ಎಂದು ಪ್ರಕಟವಾಗಿದೆ. ಅದು ಪರೀಕ್ಷೆಯ ಅಂಕಿ.

ಲೆಕ್ಕಕ್ಕಾಗಿ ಹೈಬ್ರಿಡ್ಡಿಗೆ 22 ಕಿ.ಮೀ., ಸಾದಾ ಪೆಟ್ರೋಲು ಕಾರಿಗೆ 15 ಕಿ.ಮೀ., ಪೆಟ್ರೋಲು ಲೀಟರಿಗೆ 100 ರೂ., ಹೈಬ್ರಿಡ್ಡಿನ ಹೆಚ್ಚುವರಿ ಬೆಲೆ 3 ಲಕ್ಷ ರೂ. ಎಂದು ಹಿಡಿಯೋಣ.

ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 212 ಲೀಟರು, ಅಂದರೆ 21,200 ರೂ. ಹೆಚ್ಚು ಕೊಟ್ಟ ಹಣ ತಿರುಗಿ ಬರಲು 14 ವರ್ಷ ಬೇಕು. ಬ್ಯಾಟರಿಯ ಖಾತರಿ ಸಾಮಾನ್ಯವಾಗಿ 8 ವರ್ಷ. ಆ 3 ಲಕ್ಷವನ್ನು ಶೇ. 9ರ ಬಡ್ಡಿಗೆ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 27,000 ರೂ. ಉಳಿತಾಯಕ್ಕಿಂತ ಬಡ್ಡಿ ದೊಡ್ಡದು! ಶಿವಮೊಗ್ಗಕ್ಕೆ ನಿತ್ಯ ಹೋಗಿಬಂದು ವರ್ಷಕ್ಕೆ 30,000 ಕಿ.ಮೀ. ಓಡಿಸುವವರ ಮಾತು ಬೇರೆ. ಅವರಿಗೆ 63,600 ರೂ. ಉಳಿದು, ಕೈಯಿಂದಲೇ ಹಣ ಹಾಕಿದ್ದರೆ ಐದು ವರ್ಷದೊಳಗೆ ಅಸಲು ಗಿಟ್ಟುತ್ತದೆ.

ಇನ್ನು ಪರಿಸರ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡು ಹೊರಬರುತ್ತದೆ. 212 ಲೀಟರು ಉಳಿಸಿದವರು ವರ್ಷಕ್ಕೆ 490 ಕೆ.ಜಿ.ಯಷ್ಟು ತಪ್ಪಿಸುತ್ತಾರೆ. ಇದು ಅಲ್ಪವಲ್ಲ. ಆದರೆ ಯಾವುದೇ ಹೊಸ ಕಾರಿನ ತಯಾರಿಕೆಯಲ್ಲೇ ಹಲವು ಟನ್ನು ಹೊರಬಿದ್ದಿರುತ್ತದೆ. ಬ್ಯಾಟರಿಯ ಲೋಹಗಳಿಗಾಗಿ ಎಲ್ಲಿಯೋ ಗಣಿ ತೋಡಿರುತ್ತಾರೆ. ಕಡಿಮೆ ಓಡುವ, ಗಟ್ಟಿಮುಟ್ಟಾದ ಹಳೆಯ ಕಾರನ್ನು ಪರಿಸರದ ಹೆಸರಿನಲ್ಲಿ ಬದಲಿಸಬೇಕಿಲ್ಲ. ಮಂಡಿಗೆ ಇಬ್ಬರು ಒಂದೇ ಕಾರಿನಲ್ಲಿ ಹೋದರೂ ಉಳಿತಾಯವೇ.

ಆದುದರಿಂದ ಮೊದಲು ಒಂದು ವರ್ಷದ ಕಿಲೋಮೀಟರು, ಪೆಟ್ರೋಲು ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಮೇಲಿನ ಲೆಕ್ಕಕ್ಕೆ ನಿಮ್ಮ ಅಂಕಿ ಹಾಕಿ ನೋಡಿ. ಎಲೆಚುಕ್ಕಿ ರೋಗ ತೋಟಕ್ಕೆ ಬಂದಿರುವಾಗ ಔಷಧಿಯ ಹಣ ಕಾರಿನ ಕಂತಿಗೆ ಹೋಗದಿರಲಿ. ಕಾರು ಇಂದಲ್ಲ ನಾಳೆ ಕೊಳ್ಳಬಹುದು. ಹೋದ ಮರ ಮತ್ತೆ ಫಸಲಿಗೆ ಬರಲು ವರ್ಷಗಳು ಬೇಕು.

— ಕಾರ್ಯದರ್ಶಿ