ಕೈಗೆ ಸಿಕ್ಕ ಬೆಕ್ಕು

ಮಂಗಳೂರಿನ ಮೀನುಗಾರಿಕಾ ಧಕ್ಕೆಯ ಆಸುಪಾಸಿನ ಬೀದಿ ಬೆಕ್ಕುಗಳ ಕಾಯಿಲೆ ಕಸಾಲೆ ನೋಡಿಕೊಳ್ಳುತ್ತ ಬಂದಿದ್ದೇನೆ. ನಾನು ಪಶುವೈದ್ಯೆಯಲ್ಲ. ರೋಗ ಗುರುತಿಸಿ ಔಷಧ ಬರೆಯುವುದು ಡಾಕ್ಟರ ಕೆಲಸ. ಅವರ ಮೇಜಿನ ತನಕ ಬೆಕ್ಕನ್ನು ಜೀವಂತ ಮುಟ್ಟಿಸುವುದು, ಅಲ್ಲಿಂದ ತಂದ ಮೇಲೆ ಉಳಿಸಿಕೊಳ್ಳುವುದು ನಮ್ಮಂಥವರ ಪಾಲಿನದು. ಆ ಪಾಲಿನಲ್ಲಿ ಕಲಿತದ್ದಿಷ್ಟು.

1. ಸಲೀಸಾಗಿ ಕೈಗೆ ಸಿಕ್ಕರೆ ಗಾಬರಿಯಾಗಬೇಕು

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಸೊರಗಿದ್ದು ಗೊತ್ತಾದರೆ ಬೇರೆ ಬೆಕ್ಕು, ನಾಯಿಗಳು ಮೇಲೆ ಬೀಳುತ್ತವೆ. ಹಾಗಾಗಿ ಅದು ಕಾರಿನ ಅಡಿಗೋ ಗೋಣಿಚೀಲದ ರಾಶಿಯ ಹಿಂದಕ್ಕೋ ಸೇರಿ ಸುಮ್ಮನೆ ಕೂತುಬಿಡುತ್ತದೆ. ದಿನಾ ನಿಮ್ಮನ್ನು ಕಂಡು ಓಡುತ್ತಿದ್ದ ಬೆಕ್ಕು ಇವತ್ತು ಬೆನ್ನು ಸವರಿಸಿಕೊಂಡಿತೆಂದರೆ, ಪ್ರೀತಿ ಬಂತೆಂದು ಹಿಗ್ಗಬೇಡಿ. ಅದಕ್ಕೆ ಓಡುವ ತ್ರಾಣ ಉಳಿದಿಲ್ಲ. ನಾಳೆ ನೋಡೋಣ ಎನ್ನುವಷ್ಟು ಸಮಯ ಅದರ ಹತ್ತಿರ ಇರುವುದಿಲ್ಲ.

2. ಊಟ ಬಿಟ್ಟು ಎಷ್ಟು ದಿನ ಎಂದು ಮೊದಲು ಕೇಳಿ

ಬೀದಿ ಬೆಕ್ಕಿಗೆ ಮಾಲೀಕರಿಲ್ಲದಿದ್ದರೂ ಕಂಡವರಿರುತ್ತಾರೆ. ಮೀನು ಮಾರುವವರು, ಗೂಡಂಗಡಿಯವರು, ವಾಚ್‌ಮನ್, ಯಾರಾದರೊಬ್ಬರು. "ಮೂರು ದಿನ ಆಯ್ತು ಅಕ್ಕ, ಬೂತಾಯಿ ತಲೆ ಇಟ್ರೂ ಮೂಸುದಿಲ್ಲ ಅದು" ಎಂದು ಮೀನಿನವರೊಬ್ಬರು ಹೇಳಿದ ಒಂದು ಮಾತು, ಡಾಕ್ಟರಿಗೆ ನಾನು ಕೊಡಬಹುದಾದ ಎಷ್ಟೋ ವಿವರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಕೆಲವೇ ದಿನ ಉಪವಾಸ ಬಿದ್ದರೂ ಬೆಕ್ಕಿನ ಲಿವರಿನಲ್ಲಿ ಕೊಬ್ಬು ಶೇಖರವಾಗಿ, ಮೂಲ ರೋಗದ ಜೊತೆಗೆ ಇನ್ನೊಂದು ರೋಗ ಸೇರಿಕೊಳ್ಳಬಹುದು. ವಾಂತಿ ಇದೆಯೇ, ಭೇದಿ ಇದೆಯೇ, ಮೂತ್ರ ಹೋಗುತ್ತಿದೆಯೇ ಎಂದೂ ಕೇಳಿ. ಇಲಿ ಪಾಷಾಣ ಇಟ್ಟಿದ್ದಾರೆಯೇ ಎಂದು ಕೇಳುವಾಗ ಮಾತ್ರ ಆಪಾದನೆಯ ದನಿ ಬೇಡ. ಬೈದರೆ ನಿಜ ಹೊರಗೆ ಬರುವುದಿಲ್ಲ.

3. ಮನೆಯ ಮಾತ್ರೆ ಡಬ್ಬ ಮುಚ್ಚಿಯೇ ಇರಲಿ

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಮೈ ಬಿಸಿಯಿದೆ ಎಂದು ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಅನ್ನೇ ಚೂರು ಮಾಡಿ ಹಾಲಿಗೆ ಹಾಕುವವರು ಬಹಳ ಮಂದಿ, ಅದೂ ಕರುಣೆಯಿಂದಲೇ. ಆ ಔಷಧವನ್ನು ನಿರಪಾಯವಾಗಿ ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗಿಲ್ಲ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಯಾರಾದರೂ ಕೊಟ್ಟಿದ್ದಾರೆಂದು ತಿಳಿದರೆ ತಡಮಾಡದೆ ಆಸ್ಪತ್ರೆಗೆ ಒಯ್ದು, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ಹೇಳಿ. ಬೇಗ ತಲುಪಿದರೆ ಅದಕ್ಕೆ ಪ್ರತ್ಯೌಷಧ ಇದೆ.

ಐಬುಪ್ರೊಫೆನ್ ಕೂಡ ಬೇಡ. ನಾಯಿಯ ಉಣ್ಣೆಗೆಂದು ಕತ್ತಿಗೆ ಹಾಕುವ ಪರ್ಮೆಥ್ರಿನ್ ಇರುವ ದ್ರವ ಬೆಕ್ಕಿಗೆ ತಾಗಿದರೆ ಮೈ ನಡುಗಿ ಸೆಳೆತ ಬರುತ್ತದೆ. ಗಾಯಕ್ಕೆ ಡೆಟಾಲ್, ನೆಲಕ್ಕೆ ಫಿನಾಯಿಲ್ ಎರಡೂ ಅಪಾಯವೇ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕುತ್ತದಲ್ಲ, ಮೈಗೆ ತಾಗಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಸಿಗುವ ನಾರ್ಮಲ್ ಸಲೈನ್ ಬಾಟಲಿ ಸಾಕು.

4. ಹಿಡಿಯುವ ಮೊದಲು ನಿಮ್ಮ ಕೈ ಕಾಯ್ದುಕೊಳ್ಳಿ

ದಪ್ಪ ಟವೆಲನ್ನು ಹಿಂದಿನಿಂದ ತಲೆ ಸಮೇತ ಹೊದಿಸಿ, ಮೈಗೆ ಸುತ್ತಿ ಎತ್ತಿ. ಗಾಳಿಯಾಡುವ ಬುಟ್ಟಿಗಿಳಿಸಿ ಮೇಲೆ ಬಟ್ಟೆ ಮುಚ್ಚಿದರೆ ಕತ್ತಲಿಗೆ ಅದು ಅರ್ಧ ಶಾಂತವಾಗುತ್ತದೆ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಕಚ್ಚಿದರೆ, ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಈ ಕೆಲಸವನ್ನು ಆಗಾಗ ಮಾಡುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

5. ಕೆಲವು ಲಕ್ಷಣ ಕಂಡರೆ ಮನೆಗೆ ಒಯ್ಯಬೇಡಿ, ನೇರ ಆಸ್ಪತ್ರೆಗೆ

ಬಾಯಿ ತೆರೆದು ಏದುಸಿರು ಬಿಡುವುದು. ಒಸಡು ಬಿಳಿಚಿಕೊಂಡಿರುವುದು ಅಥವಾ ಹಳದಿಯಾಗಿರುವುದು. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು, ಮುಕ್ಕಿ, ಹನಿಯೂ ಬಾರದೆ ಏಳುವುದು. ಈ ಕೊನೆಯದನ್ನು ಜನ ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾರೆ. ಮೂತ್ರನಾಳ ಪೂರ್ತಿ ಕಟ್ಟಿದ ಗಂಡು ಬೆಕ್ಕು ಒಂದೆರಡು ದಿನದಲ್ಲಿ ಸಾಯುತ್ತದೆ.

ಎಲ್ಲಿಗೆ ಒಯ್ಯಬೇಕೆಂಬುದನ್ನು ಮೊದಲೇ ತಿಳಿದಿಟ್ಟುಕೊಂಡಿರಬೇಕು. ನಮ್ಮೂರಿನಲ್ಲಿ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಇದೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮತ್ತು ಕೂಪಾ ಎಂಬ ಪ್ರಾಣಿದಯಾ ಸಂಸ್ಥೆ ಇವೆ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಅಲ್ಲಿ ದನಕರುಗಳದ್ದೇ ಹೆಚ್ಚಿನ ಕೆಲಸ ಎಂದು ಹಿಂಜರಿಯಬೇಡಿ, ಕೇಳಿ ನೋಡಿ. ರಾತ್ರಿ ತೆರೆದಿರುವ ಒಂದು ಕ್ಲಿನಿಕ್ಕಿನ ನಂಬರಂತೂ ಫೋನಿನಲ್ಲಿ ಇರಲೇಬೇಕು.

6. ಮೂಗು ತೆರೆದರೆ ಬಾಯಿ ತೆರೆಯುತ್ತದೆ

ಮಳೆಗಾಲದಲ್ಲಿ ನಮ್ಮ ಕರಾವಳಿಯ ಬೆಕ್ಕುಗಳಿಗೆ ಎರಡು ಕಷ್ಟ ಒಟ್ಟಿಗೆ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ಧಕ್ಕೆಯಲ್ಲಿ ಮೀನಿನ ಚೂರುಪಾರು ಕಡಿಮೆ. ಮೇಲಿನಿಂದ ಮಳೆ, ಥಂಡಿ. ಹಸಿದು ಒದ್ದೆಯಾದ ಬೆಕ್ಕುಗಳು ಗುಂಪಾಗಿ ಒಂದೇ ಮಾಡಿನ ಕೆಳಗೆ ಮುದುಡುತ್ತವೆ. ಆಗ ಬೆಕ್ಕಿನ ಶೀತಜ್ವರ ಒಂದರಿಂದ ಒಂದಕ್ಕೆ ಹರಡುತ್ತದೆ. ಹರ್ಪಿಸ್, ಕ್ಯಾಲಿಸಿ ಎಂಬ ವೈರಸ್‌ಗಳದ್ದೇ ಇದರಲ್ಲಿ ದೊಡ್ಡ ಪಾಲು. ಕಣ್ಣಿಗೆ ಗೀಜು ಕಟ್ಟುತ್ತದೆ, ಮೂಗು ಸಿಂಬಳದಿಂದ ಮುಚ್ಚುತ್ತದೆ, ಕೆಲವಕ್ಕೆ ನಾಲಿಗೆ ಮೇಲೆ ಹುಣ್ಣು.

ಬೆಕ್ಕು ವಾಸನೆ ಹಿಡಿದು ಉಣ್ಣುವ ಪ್ರಾಣಿ. ಮೂಗು ಕಟ್ಟಿತೆಂದರೆ ಅದರ ಮಟ್ಟಿಗೆ ತಟ್ಟೆಯಲ್ಲಿ ಊಟವೇ ಇಲ್ಲ. ಡಾಕ್ಟರು ಔಷಧ ಕೊಟ್ಟ ಮೇಲೂ ತಿನ್ನದ ಬೆಕ್ಕಿಗೆ ನಾನು ಮಾಡುವುದು ಇದು. ಹತ್ತಿಯನ್ನು ಉಗುರು ಬೆಚ್ಚಗಿನ ಸಲೈನಿನಲ್ಲಿ ಅದ್ದಿ ಒಣಗಿದ ಸಿಂಬಳದ ಮೇಲೆ ಸ್ವಲ್ಪ ಹೊತ್ತು ಇಟ್ಟಿರುತ್ತೇನೆ. ಕೆರೆದರೆ ಚರ್ಮ ಕಿತ್ತುಬರುತ್ತದೆ, ನೆನೆದರೆ ತಾನಾಗಿ ಜಾರುತ್ತದೆ. ಕಣ್ಣಿಗೆ ಬೇರೆ ಹತ್ತಿ, ಒಂದೊಂದು ಕಣ್ಣಿಗೂ ಬೇರೆಯದು. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿ, ಬುಟ್ಟಿ ಸಮೇತ ಆ ಹಬೆಯಲ್ಲಿ ಕೂರಿಸುತ್ತೇನೆ. ನೀಲಗಿರಿ ಎಣ್ಣೆ, ಕರ್ಪೂರ, ವೇಪರಬ್ ಯಾವುದೂ ಕೂಡದು, ಅವೂ ಬೆಕ್ಕಿಗೆ ವಿಷ. ಆಮೇಲೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಬಂಗುಡೆಯ ಮುಳ್ಳು ತೆಗೆದು, ಬೆಂದ ನೀರಿನಲ್ಲೇ ನುಣ್ಣಗೆ ಕಿವುಚಿ, ಬೆಚ್ಚಗಿರುವಾಗಲೇ ಬೆರಳ ತುದಿಯಿಂದ ಮೇಲ್ದುಟಿಗೆ ಸವರುತ್ತೇನೆ. ಮೊದಲು ಮುಖ ತಿರುಗಿಸುತ್ತದೆ. ಸವರಿದ್ದು ಹಿತವಾಗದೆ ನಾಲಿಗೆ ಹೊರಗೆ ಬರುತ್ತದೆ. ಮೂಗಿನ ಹೊಳ್ಳೆ ಒಂದೆರಡು ಸಲ ಅಲುಗಿ, ತಲೆ ನಿಧಾನಕ್ಕೆ ನನ್ನ ಬೆರಳ ಕಡೆಗೆ ತಿರುಗಿದರೆ, ಆ ಬೆಕ್ಕು ಬದುಕುವ ಸಾಧ್ಯತೆ ಹೆಚ್ಚಿದೆ ಎಂದು ನನಗೆ ಧೈರ್ಯ ಬರುತ್ತದೆ.

ಸಿರಿಂಜಿನಲ್ಲಿ ಗಂಟಲಿಗೆ ಹೊಯ್ಯಬೇಡಿ, ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಅಂಗಾತ ಮಲಗಿಸಿ ಕುಡಿಸುವುದಂತೂ ಬೇಡವೇ ಬೇಡ.

7. ಮಾತ್ರೆ ನುಂಗಿದ ಮೇಲೆ ನೀರು

ಈ ಶೀತಕ್ಕೆ ಡಾಕ್ಟರು ಎಷ್ಟೋ ಸಲ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಒಣ ಮಾತ್ರೆ ಅನ್ನನಾಳದಲ್ಲೇ ನಿಂತರೆ ಅಲ್ಲಿ ಹುಣ್ಣಾಗಿ, ಮುಂದೆ ಅನ್ನನಾಳವೇ ಕಿರಿದಾಗುತ್ತದೆ. ಮಾತ್ರೆಯ ಹಿಂದೆಯೇ ಕೆನ್ನೆಯ ಪಕ್ಕದಿಂದ ಐದಾರು ಮಿಲಿ ನೀರನ್ನು ತುಸು ತುಸುವಾಗಿ ಕೊಡಿ, ಇಲ್ಲವೇ ಒಂದು ತುತ್ತು ಊಟ. ಲವಲವಿಕೆ ಬಂತೆಂದು ಕೋರ್ಸು ಅರ್ಧಕ್ಕೆ ನಿಲ್ಲಿಸಬೇಡಿ.

8. ತಣ್ಣಗಿರುವ ಮರಿಗೆ ಹಾಲು ಕೊಡಬೇಡಿ

ಮೊದಲು ಬೆಚ್ಚಗೆ ಮಾಡಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಸರಿದುಕೊಳ್ಳಲು ಜಾಗ ಇರಲಿ. ಮೈ ತಣ್ಣಗಿದ್ದಾಗ ಹೊಟ್ಟೆ ಕೆಲಸ ಮಾಡುವುದಿಲ್ಲ. ದನದ ಹಾಲು ಭೇದಿ ಮಾಡಿಸುತ್ತದೆ, ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ.

9. ನಿಮ್ಮ ಮನೆಯ ಬೆಕ್ಕಿಗೂ ನೀವೇ ಹೊಣೆ

ಬೀದಿಯಿಂದ ತಂದ ಬೆಕ್ಕನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ. ತಟ್ಟೆ, ಬಟ್ಟೆ, ಚಪ್ಪಲಿ ಕೂಡ ಬೇರೆ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿ ರೋಗದ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಜೀವ ಹಿಡಿದಿರುತ್ತದೆ. ಕೊಳೆ ತೊಳೆದ ಮೇಲೆ, ಸುಮಾರು 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಬಿಟ್ಟು ಒರೆಸಿದರೆ ಅದು ಸಾಯುತ್ತದೆ. ಮನೆಯ ಬೆಕ್ಕಿಗೆ ಲಸಿಕೆ ಆಗಿಲ್ಲವೆಂದರೆ ಕಾಯಿಲೆಯ ಬೆಕ್ಕನ್ನು ಒಳಗೆ ತರಬೇಡಿ, ಬೇರೆಯವರಲ್ಲಿ ಜಾಗ ಕೇಳಿ.

10. ನೋವು ಮುಗಿಸುವುದೂ ಚಿಕಿತ್ಸೆಯೇ

ಬೆನ್ನುಮೂಳೆ ಮುರಿದು, ಇನ್ನು ಮೂತ್ರವೂ ತಾನಾಗಿ ಹೋಗದು ಎಂಬಂಥ ಬೆಕ್ಕಿನ ಮುಂದೆ ಡಾಕ್ಟರು "ಏನು ಮಾಡೋಣಮ್ಮ?" ಎಂದು ಕೇಳುತ್ತಾರೆ. ಹೀಗೇ ಬಿಟ್ಟರೆ ಅದು ಎಷ್ಟು ದಿನ, ಹೇಗೆ ಇರುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಅರಿವಳಿಕೆ ಕೊಟ್ಟು ನಿದ್ದೆಯಲ್ಲೇ ಕಳುಹಿಸುವುದು ಕ್ರೌರ್ಯವಲ್ಲ. ಚರಂಡಿ ಪಕ್ಕ ಇರುವೆ ಮುತ್ತುವವರೆಗೆ ಬಿಡುವುದು ಕ್ರೌರ್ಯ. ಆ ಹೊತ್ತಿನಲ್ಲಿ ಹೊರಗೆ ಹೋಗದೆ ಅದರ ಹತ್ತಿರ ನಿಂತಿರಿ.

11. ಗುಣವಾದದ್ದನ್ನು ಅದರ ಜಾಗಕ್ಕೇ ಬಿಡಿ

ಗೊತ್ತಿಲ್ಲದ ಓಣಿಯಲ್ಲಿ ಬಿಟ್ಟರೆ ಅಲ್ಲಿನ ಬೆಕ್ಕುಗಳು ಬದುಕಗೊಡುವುದಿಲ್ಲ. ಪೂರ್ತಿ ಚೇತರಿಸಿಕೊಂಡ ಮೇಲೆ, ಬಿಡುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಎರಡನ್ನೂ ಮುಗಿಸಿಬಿಡಿ. ಕಿವಿಯ ತುದಿ ಕತ್ತರಿಸಿ ಗುರುತು ಮಾಡಿಸಿದರೆ ಇನ್ನೊಬ್ಬರು ಹಿಡಿದು ಮತ್ತೆ ಹೊಟ್ಟೆ ಕೊಯ್ಯಿಸುವುದು ತಪ್ಪುತ್ತದೆ. ಬಿಟ್ಟು ಬರುವಾಗ ಅಲ್ಲಿ ಅದಕ್ಕೆ ಊಟ ಹಾಕುವವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು, ಒಂದು ಹೊತ್ತು ಊಟ ಬಿಟ್ಟರೂ ಕರೆ ಮಾಡಲು ಹೇಳಿ.